ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು

ಗಂಡು ಬೆಕ್ಕೊಂದು ಮರಳಿನ ತಟ್ಟೆಯಲ್ಲಿ ಕೂತು ತಿಣುಕುತ್ತಿದೆ. ಏಳುತ್ತದೆ, ನಾಲ್ಕು ಹೆಜ್ಜೆ ಹಾಕಿ ಮತ್ತೆ ಬಂದು ಕೂರುತ್ತದೆ. ಸಾಕಿದವರು ಅದನ್ನು ವಿಡಿಯೊ ಮಾಡಿ ಪಶುವೈದ್ಯರಿಗೆ ಕಳಿಸುತ್ತಾರೆ: ‘ನಿನ್ನೆಯಿಂದ ಮಲಬದ್ಧತೆ ಡಾಕ್ಟ್ರೇ, ಏನಾದ್ರೂ ಔಷಧಿ ಹೇಳಿ.’ ವಿಡಿಯೊ ನೋಡಿದರೆ ಅವರ ಮಾತು ನಿಜವೆಂದೇ ತೋರುತ್ತದೆ. ಅದೇ ಬೆಕ್ಕನ್ನು ಮೇಜಿನ ಮೇಲೆ ನಿಲ್ಲಿಸಿ ಹೊಟ್ಟೆಯಡಿ ಕೈಯಾಡಿಸಿದರೆ ನಿಂಬೆಹಣ್ಣಿನಂತೆ ಬಿಗಿದುಕೊಂಡ ಮೂತ್ರಕೋಶ ಬೆರಳಿಗೆ ಸಿಗುತ್ತದೆ. ಕಟ್ಟಿರುವುದು ಮೂತ್ರ. ಹೊರಹೋಗದ ಪೊಟ್ಯಾಸಿಯಂ ರಕ್ತದಲ್ಲಿ ಏರುತ್ತ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಎರಡು ಮೂರು ದಿನ ಹೀಗೇ ಬಿಟ್ಟರೆ ಬೆಕ್ಕು ಉಳಿಯುವುದಿಲ್ಲ.

ಇನ್ನು ಹಳ್ಳಿಯ ಕೊಟ್ಟಿಗೆಗೆ ಬನ್ನಿ. ಹಸು ಮೇವು ಮುಟ್ಟಿಲ್ಲ, ಜೊಲ್ಲು ಸುರಿಯುತ್ತಿದೆ, ನೀರು ಕುಡಿಯಲೂ ಆಗುತ್ತಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದುಕೊಂಡು ಮನೆಯವರು ಒಬ್ಬರಾದ ಮೇಲೊಬ್ಬರು ಬಾಯಿಗೆ ಕೈ ಹಾಕಿ ತಡಕುತ್ತಾರೆ. ರೇಬೀಸ್ ತಗುಲಿದ ದನ ಹೀಗೆ ಕಾಣುವುದು ಅಪರೂಪವೇನಲ್ಲ. ನಾಯಿಯಲ್ಲೂ ಅಷ್ಟೇ. ಕಂಡವರ ಮೇಲೆರಗುವ ಹುಚ್ಚುನಾಯಿಯ ಚಿತ್ರವೊಂದೇ ನಮ್ಮ ತಲೆಯಲ್ಲಿದೆ. ಪಾರ್ಶ್ವವಾಯು ರೂಪದ ರೇಬೀಸಿನಲ್ಲಿ ಕೆಳದವಡೆ ಜೋತುಬಿದ್ದು, ನುಂಗಲಾಗದೆ, ನಾಯಿ ಸುಮ್ಮನೆ ಮೂಲೆ ಸೇರುತ್ತದೆ. ನೋಡಿದವರಿಗೆ ಮೂಳೆ ಸಿಕ್ಕಿಕೊಂಡಂತೆ ಅನ್ನಿಸುತ್ತದೆ. ಇಲ್ಲಿ ಕೈ ಹಾಕುವುದೇ ಅಪಾಯ. ಮೊದಲು ವೈದ್ಯರಿಗೆ ವಿಡಿಯೊ ಕರೆ ಮಾಡಿದ್ದರೆ ‘ಬಾಯಿ ಮುಟ್ಟಬೇಡಿ, ದೂರ ಕಟ್ಟಿಹಾಕಿ, ಮುಟ್ಟಿದವರೆಲ್ಲ ಸೋಪು ಹಚ್ಚಿ ಕೈ ತೊಳೆದು ಈಗಲೇ ಆಸ್ಪತ್ರೆಗೆ ಹೋಗಿ’ ಎಂಬ ಮಾತು ಸಿಗುತ್ತಿತ್ತು.

ಒಂದೇ ಫೋನು ಒಂದು ಕಡೆ ದಾರಿ ತಪ್ಪಿಸಿತು, ಇನ್ನೊಂದು ಕಡೆ ಜೀವ ಉಳಿಸಬಲ್ಲದಾಗಿತ್ತು. ಆದ್ದರಿಂದ ‘ದೂರದಿಂದ ಪಶುವೈದ್ಯ ಮಾಡಬಹುದೇ?’ ಎಂದು ಒಟ್ಟಾರೆಯಾಗಿ ಕೇಳುವ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುವುದಿಲ್ಲ. ಯಾವ ಕೆಲಸಕ್ಕೆ ಕಣ್ಣು ಸಾಕು, ಯಾವುದಕ್ಕೆ ಕೈ ಬೇಕು ಎಂದು ಒಂದೊಂದಾಗಿ ಕೇಳಬೇಕು. ಕಾನೂನುಗಳು ಬಹುಕಾಲ ಹಾಗೆ ಕೇಳಲಿಲ್ಲ.

ಅಮೆರಿಕದ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ವೈದ್ಯ, ಸಾಕಿದವರು, ಪ್ರಾಣಿ, ಈ ಮೂವರ ನಡುವೆ ಕಾನೂನು ಒಪ್ಪುವ ಒಂದು ಸಂಬಂಧ ಏರ್ಪಟ್ಟ ಮೇಲಷ್ಟೇ ಚಿಕಿತ್ಸೆ ಶುರುವಾಗಬೇಕು. ಬಹುತೇಕ ರಾಜ್ಯಗಳಲ್ಲಿ ಆ ಸಂಬಂಧ ಹುಟ್ಟಲು ವೈದ್ಯರು ಪ್ರಾಣಿಯನ್ನು ಖುದ್ದಾಗಿ ಪರೀಕ್ಷಿಸಿರಬೇಕು. ಟೆಕ್ಸಸ್‌ನ ಬ್ರೌನ್ಸ್‌ವಿಲ್ ಊರಿನ ನಿವೃತ್ತ ಪಶುವೈದ್ಯ ರೊನಾಲ್ಡ್ ಹೈನ್ಸ್ ಅಂತರ್ಜಾಲದ ಮೂಲಕ ಬೇರೆ ಬೇರೆ ದೇಶಗಳ ಜನರಿಗೆ ಸಲಹೆ ಕೊಡುತ್ತಿದ್ದರು, ಔಷಧಿ ಬರೆದುಕೊಡುತ್ತಿರಲಿಲ್ಲ. ಕೈಯಿಂದ ಮುಟ್ಟದ ಪ್ರಾಣಿಗೆ ಸಲಹೆ ಕೊಟ್ಟರೆಂದು 2013ರಲ್ಲಿ ರಾಜ್ಯದ ಪಶುವೈದ್ಯ ಮಂಡಳಿ ಅವರ ಮೇಲೆ ಕ್ರಮ ಕೈಗೊಂಡಿತು. ಅವರು ಕೋರ್ಟಿಗೆ ಹೋದರು, 2015ರಲ್ಲಿ ಸೋತರು, ಮತ್ತೆ ಹೋದರು. ಕೊನೆಗೆ 2024ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು, ಅವರು ಮಾಡಿದ್ದು ಬರೀ ಮಾತು, ಅದನ್ನು ತಡೆದರೆ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ತೀರ್ಪಿತ್ತಿತು. ಸಲಹೆ ಬೇರೆ, ಔಷಧಿ ಬೇರೆ ಎಂಬಷ್ಟು ಸರಳವಾದ ಗೆರೆ ಎಳೆಯಲು ಹತ್ತು ವರ್ಷಕ್ಕೂ ಮೀರಿದ ವ್ಯಾಜ್ಯ ಬೇಕಾಯಿತು.

ಕ್ಯಾಲಿಫೋರ್ನಿಯಾ ಹೆಚ್ಚು ಜಾಣತನ ತೋರಿಸಿತು. ಅಲ್ಲಿ 2023ರಲ್ಲಿ ಅಂಗೀಕಾರವಾಗಿ 2024ರ ಜನವರಿಯಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ನೇರ ವಿಡಿಯೊ ಕರೆಯಲ್ಲೇ ವೈದ್ಯರು ಹೊಸ ಪ್ರಾಣಿಯ ಹೊಣೆ ಹೊರಬಹುದು. ಬೇಲಿ ಇರುವುದು ಔಷಧಿಗೆ. ಹೀಗೆ ಬರೆದ ಔಷಧಿ ಆರು ತಿಂಗಳಿಗಿಂತ ಹೆಚ್ಚು ನಡೆಯುವಂತಿಲ್ಲ. ಆ್ಯಂಟಿಬಯಾಟಿಕ್ ಆದರೆ 14 ದಿನ ಮಾತ್ರ; ಮುಂದುವರಿಸಬೇಕಿದ್ದರೆ ಪ್ರಾಣಿಯನ್ನು ಮುಟ್ಟಿ ನೋಡಲೇಬೇಕು. ಅಮಲಿನ ಔಷಧಿಗಳಿಗೆ ಅವಕಾಶವೇ ಇಲ್ಲ. ರೇಸ್ ಕುದುರೆಗಳಿಗಂತೂ ಹೀಗೆ ಯಾವ ಔಷಧಿಯನ್ನೂ ಬರೆಯುವಂತಿಲ್ಲ. ಅಲ್ಲಿ ಹಣದ ವಾಸನೆ ಜಾಸ್ತಿಯೆಂದು ಶಾಸಕರಿಗೂ ಗೊತ್ತಿರಬೇಕು. ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 2023ರಲ್ಲಿ ತಿದ್ದಿದ ಮಾರ್ಗಸೂಚಿಯದೂ ಹೆಚ್ಚುಕಡಿಮೆ ಇದೇ ಧಾಟಿ: ಪ್ರತಿಬಾರಿ ಮುಟ್ಟಿ ನೋಡಲೇಬೇಕೆಂದಿಲ್ಲ, ಆದರೆ ಆ್ಯಂಟಿಬಯಾಟಿಕ್ ಬರೆಯುವಾಗ ಮತ್ತು ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗದ ಗುಮಾನಿ ಇದ್ದಾಗ ನೋಡಬೇಕು.

ಲಸಿಕೆಯ ಪ್ರಶ್ನೆ ಇಷ್ಟು ಸುಲಭವಿಲ್ಲ. ಚರ್ಮ ಎತ್ತಿ ಹಿಡಿದು ಸೂಜಿ ಚುಚ್ಚುವುದನ್ನು ಕೈ ಪಳಗಿದ ಯಾರಾದರೂ ಕಲಿಯಬಹುದು. ಫೋನಿನಿಂದ ಮಾತ್ರ ಅದು ಆಗದು. ಚುಚ್ಚುವ ಕೆಲಸ ಸುಲಭದ್ದಾದರೂ ಅದರ ಹಿಂದಿನ ಲೆಕ್ಕ ಸುಲಭದ್ದಲ್ಲ.

ನಾಯಿಮರಿ ಹುಟ್ಟಿದ ಮೊದಲ ದಿನ ಗಿಣ್ಣುಹಾಲಿನ ಜೊತೆ ತಾಯಿಯ ಪ್ರತಿಕಾಯಗಳನ್ನೂ ಕುಡಿಯುತ್ತದೆ. ಕೆಲವು ವಾರ ಪಾರ್ವೊ, ಡಿಸ್ಟೆಂಪರ್‌ನಂಥ ರೋಗಗಳಿಂದ ಅದನ್ನು ಕಾಯುವುದು ಇವೇ. ತೊಡಕೆಂದರೆ, ಹೊರಗಿನಿಂದ ಬರುವ ವೈರಸ್ಸನ್ನು ಹೊಡೆದುಹಾಕುವ ಈ ಪ್ರತಿಕಾಯಗಳು ಲಸಿಕೆಯಲ್ಲಿರುವ ವೈರಸ್ಸನ್ನೂ ಬಿಡುವುದಿಲ್ಲ. ದಿನ ಕಳೆದಂತೆ ಅವು ಕರಗುತ್ತವೆ. ನಡುವೆ ಒಂದು ಕೆಟ್ಟ ಅವಧಿ ಬರುತ್ತದೆ: ರೋಗ ತಡೆಯುವಷ್ಟು ಪ್ರತಿಕಾಯ ಉಳಿದಿಲ್ಲ, ಲಸಿಕೆಯನ್ನು ಕೆಡಿಸುವಷ್ಟು ಇನ್ನೂ ಇದೆ. ಆ ಅವಧಿ ಯಾವ ಮರಿಗೆ ಯಾವ ವಾರ ಬಂದು ಹೋಗುತ್ತದೆಂದು ಹೊರಗಿನಿಂದ ಹೇಳಲಾಗದು. ಒಂದೇ ಸೂಲಿನ ಮರಿಗಳಲ್ಲೂ ವ್ಯತ್ಯಾಸವಿರುತ್ತದೆ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೂ ಲಸಿಕೆ ಕೊಡುತ್ತ ಹೋಗುವುದು. ‘ಮೂರು ಸಲ ಹಾಕಿಸಿದ್ದೇವೆ, ಆದರೂ ಪಾರ್ವೊ ಬಂತು’ ಎಂದು ದೂರುವವರ ಕಾರ್ಡು ತೆಗೆದು ನೋಡಿದರೆ ಕೊನೆಯ ಡೋಸು ಹತ್ತೋ ಹನ್ನೆರಡೋ ವಾರಕ್ಕೇ ಮುಗಿದಿರುವುದುಂಟು.

ಈ ಲೆಕ್ಕವಿಡಲು ಫೋನಿಗಿಂತ ಒಳ್ಳೆಯ ಸಾಧನವಿಲ್ಲ. ಮರಿಯ ವಯಸ್ಸೇನು, ತಾಯಿಗೆ ಲಸಿಕೆ ಆಗಿತ್ತೇ, ಹಿಂದಿನ ಸಲ ಮುಖ ಊದಿಕೊಂಡಿತ್ತೇ, ಮುಂದಿನ ದಿನಾಂಕ ಯಾವುದು, ಇದೆಲ್ಲ ಕೂತಲ್ಲೇ ಮಾತಾಡಿ ಮುಗಿಸಬಹುದು. ಅರ್ಧ ಲಸಿಕೆಯಾದ ಮರಿಯನ್ನು ವಾಂತಿ ಭೇದಿಯ ನಾಯಿಗಳು ಕೂತ ಕಾಯುವ ಕೋಣೆಗೆ ವಿನಾಕಾರಣ ಒಯ್ಯುವುದೂ ತಪ್ಪುತ್ತದೆ. ಚುಚ್ಚುವ ಗಳಿಗೆಗೆ ಮಾತ್ರ ಒಬ್ಬರು ಎದುರಿಗಿರಬೇಕು. ಜ್ವರವಿದೆಯೇ, ವಸಡು ಬಿಳಿಚಿದೆಯೇ ಎಂದು ನೋಡಬೇಕು. ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಕಾಯಬೇಕು. ತೀವ್ರ ಅಲರ್ಜಿ ಅಪರೂಪ, ಆದರೆ ಬಂದರೆ ನಿಮಿಷಗಳಲ್ಲಿ ಬರುತ್ತದೆ. ಆ ಒಬ್ಬರು ವೈದ್ಯರೇ ಆಗಿರಬೇಕೇ?

ಕ್ಯಾಲಿಫೋರ್ನಿಯಾದ ಇನ್ನೊಂದು ಕಾನೂನು ಇದಕ್ಕೆ ಉತ್ತರ ಕೊಡಲು ನೋಡುತ್ತದೆ. ನೋಂದಾಯಿತ ಪಶುವೈದ್ಯ ತಂತ್ರಜ್ಞರು ವೈದ್ಯರ ಪ್ರತಿನಿಧಿಯಾಗಿ ಪ್ರಾಣಿಯನ್ನು ಪರೀಕ್ಷಿಸಿ, ಲಸಿಕೆಯನ್ನೂ ಹುಳ–ಉಣ್ಣೆಗಳ ಔಷಧಿಯನ್ನೂ ಕೊಡಬಹುದು. ಆಸ್ಪತ್ರೆಯ ಹೊರಗೆ ನಡೆಯುವ ಶಿಬಿರಗಳಲ್ಲಿ ವೈದ್ಯರು ಫೋನಿನಲ್ಲಿ ಥಟ್ಟನೆ ಸಿಗುವಂತಿದ್ದರೆ ಸಾಕು. ಯಾವ ವೈದ್ಯರ ಪರವಾಗಿ ಚುಚ್ಚುತ್ತಿದ್ದೇವೆ, ಅವರ ಪರವಾನಗಿ ಸಂಖ್ಯೆ ಏನು ಎಂಬುದನ್ನು ಸಾಕಿದವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಹೆಚ್ಚುಕಡಿಮೆಯಾದರೆ ಹೊಣೆ ಆ ವೈದ್ಯರದು. ಕೈ ಒಬ್ಬರದು, ಹೊಣೆ ಇನ್ನೊಬ್ಬರದು, ಇಬ್ಬರ ಹೆಸರೂ ಬಯಲಿನಲ್ಲಿ. ನನಗೆ ಹಿಡಿಸಿದ್ದು ಈ ಮೂರನೆಯ ಅಂಶ.

ನಮ್ಮಲ್ಲಿ ಇಂಥ ಬಾಗಿಲು ಎಂದೋ ತೆರೆದಿದೆ ಎಂಬುದು ಹಲವರಿಗೆ ಗೊತ್ತಿಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೆಯ ಕಲಮು ಚಿಕಿತ್ಸೆಯ ಹಕ್ಕನ್ನು ನೋಂದಾಯಿತ ಪಶುವೈದ್ಯರಿಗಷ್ಟೇ ಕೊಡುತ್ತದೆ. ಜೊತೆಗೇ, ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಸಿಬ್ಬಂದಿ ವೈದ್ಯರ ಉಸ್ತುವಾರಿಯಲ್ಲಿ ‘ಕಿರು ಸೇವೆ’ ಸಲ್ಲಿಸಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದು ಎನ್ನುತ್ತದೆ. ಕಿರು ಸೇವೆಯೆಂದರೆ ಏನೆಂದು ವಿವರಿಸುವಾಗ ಮೊದಲು ಬರುವ ಹೆಸರೇ ಲಸಿಕೆ. ಆಮೇಲೆ ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು. ಕಾಲುಬಾಯಿ ಜ್ವರದ ಲಸಿಕೆ ಹೊತ್ತು ಮನೆಮನೆಗೆ ಬರುವ ಪಶುವೈದ್ಯಕೀಯ ಪರೀಕ್ಷಕರನ್ನು ಹಳ್ಳಿಯವರೆಲ್ಲ ಬಲ್ಲರು. ಕಾಯ್ದೆ ಬರೆದ ಕಾಲದಲ್ಲಿ ‘ಉಸ್ತುವಾರಿ’ ಎಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೂತ ಸಾಹೇಬರು. ಈಗ ಅದೇ ಉಸ್ತುವಾರಿ ವಿಡಿಯೊ ಕರೆಯ ಮೂಲಕ ನಡೆದರೆ ನಿಜಕ್ಕೂ ಉಸ್ತುವಾರಿ ಅನ್ನಿಸಿಕೊಳ್ಳಬಹುದು. 2020ರ ಮಾರ್ಚ್‌ನಲ್ಲಿ ಮನುಷ್ಯರ ವೈದ್ಯರಿಗಾಗಿ ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಯಾವ ಔಷಧಿಯನ್ನು ಮೊದಲ ಭೇಟಿಯಲ್ಲೇ ಬರೆಯಬಹುದು, ಯಾವುದನ್ನು ಎಂದಿಗೂ ಬರೆಯಬಾರದು ಎಂಬ ಪಟ್ಟಿಗಳಿವೆ. ಆ ಮಾದರಿ ಪಶುವೈದ್ಯಕ್ಕೂ ಹೊಂದುತ್ತದೆ.

ಲಸಿಕೆಯ ಶೀಶೆ ಪಶುವೈದ್ಯರ ಫ್ರಿಜ್ ಬಿಟ್ಟು ಹೊರಟ ಮೇಲೆ ಏನಾಗುತ್ತದೆ ಎನ್ನುವುದು ಇನ್ನೊಂದು ತಲೆನೋವು. ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕೆಂಬುದು ನಿಯಮ. ಬಿಸಿಲಿನ ಭಯದಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆಗೆ ಅಂಟಿಸಿ ಒಯ್ಯುವವರು ಹೆಪ್ಪುಗಟ್ಟುವುದರ ಅಪಾಯ ಮರೆಯುತ್ತಾರೆ. ಅಲ್ಯುಮಿನಿಯಂ ಬೆರೆಸಿದ ನಿಷ್ಕ್ರಿಯ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿಸಿ ಪ್ರಯೋಜನವಿಲ್ಲ. ಶಾಖದ ವಿಷಯದಲ್ಲಿ ಮಾತ್ರ ಆಫ್ರಿಕಾದಿಂದ ಒಂದು ಸಿಹಿಸುದ್ದಿ ಇದೆ. ಟಾಂಜಾನಿಯಾದಲ್ಲಿ ಕೆಲಸ ಮಾಡಿದ ಸಂಶೋಧಕರು ನಾಯಿಗಳ ಒಂದು ರೇಬೀಸ್ ಲಸಿಕೆಯನ್ನು 25 ಡಿಗ್ರಿಯಲ್ಲಿ ಆರು ತಿಂಗಳು, 30 ಡಿಗ್ರಿಯಲ್ಲಿ ಮೂರು ತಿಂಗಳು ಇಟ್ಟು ನೋಡಿ, ಫ್ರಿಜ್ಜಿನಲ್ಲಿಟ್ಟದ್ದಕ್ಕಿಂತ ಅದು ಕಡಿಮೆಯೇನಲ್ಲ ಎಂದು 2016ರಲ್ಲಿ ಪ್ರಕಟಿಸಿದರು. ಆಮೇಲೆ ಸ್ಥಳೀಯ ಜೇಡಿಮಣ್ಣಿನ ಮಡಕೆಯಲ್ಲಿ, ನೀರು ಆವಿಯಾಗುವ ತಂಪಿನಲ್ಲೇ ಲಸಿಕೆ ಕಾಪಾಡುವ ಸಾಧನವನ್ನೂ ರೂಪಿಸಿದರು. ವಿದ್ಯುತ್ತಿಲ್ಲದ ಹಳ್ಳಿಯಲ್ಲೂ ಲಸಿಕೆ ವರ್ಷವಿಡೀ ಇರಬಹುದು, ಹಳ್ಳಿಯವರೇ ಹಾಕಬಹುದು. ಇದು ಪರೀಕ್ಷಿಸಿದ ಆ ಲಸಿಕೆಗೆ ಮಾತ್ರ ಸಲ್ಲುವ ಮಾತು; ನಮ್ಮ ಮೆಡಿಕಲ್ ಸ್ಟೋರಿನ ಪ್ರತಿ ಶೀಶೆಗೂ ಅನ್ವಯಿಸಿಕೊಳ್ಳಬಾರದು.

ಲಸಿಕೆಯನ್ನು ಮನೆಬಾಗಿಲಿಗೆ ತರಿಸಿಕೊಂಡು ತಮ್ಮ ನಾಯಿಗೆ ತಾವೇ ಚುಚ್ಚುವವರೂ ಇದ್ದಾರೆ. ಪಾರ್ವೊ ಲಸಿಕೆ ವ್ಯರ್ಥವಾದರೆ ಹೆಚ್ಚಾಗಿ ನಷ್ಟ ಆ ಮರಿಗೆ. ರೇಬೀಸ್ ಲಸಿಕೆ ವ್ಯರ್ಥವಾದರೆ ನಷ್ಟ ಬೀದಿಗೆ. ಐಸಿಎಂಆರ್ ಸಂಶೋಧಕರ ಇತ್ತೀಚಿನ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತಗಳು, 5,700ರಷ್ಟು ರೇಬೀಸ್ ಸಾವುಗಳು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ರೇಬೀಸ್ ಪ್ರಮಾಣಪತ್ರದ ಸಹಿ ಸಾಕಿದವರಿಗೆ ಮಾತ್ರ ಸಂಬಂಧಿಸಿದ್ದಲ್ಲ. 2021ರ ಜೂನ್‌ನಲ್ಲಿ ಅಜೆರ್‌ಬೈಜಾನ್‌ನಿಂದ ಅಮೆರಿಕಕ್ಕೆ ಬಂದ ನಾಯಿಯೊಂದಕ್ಕೆ ನೋಡಲು ಸರಿಯಾಗಿಯೇ ಇದ್ದ ಲಸಿಕೆ ಪ್ರಮಾಣಪತ್ರವಿತ್ತು. ಕೆಲವೇ ದಿನಗಳಲ್ಲಿ ಅದಕ್ಕೆ ರೇಬೀಸ್ ಇರುವುದು ಖಚಿತವಾಯಿತು. ಅದರ ಹಿಂದಿನ ವರ್ಷ ಅಲ್ಲಿಗೆ ಬಂದ 450ಕ್ಕೂ ಹೆಚ್ಚು ನಾಯಿಗಳ ಪತ್ರಗಳು ಅಪೂರ್ಣವೋ ಸುಳ್ಳೋ ಆಗಿದ್ದವು. ಈಗ ಬೆಂಗಳೂರಿನಿಂದ ನಾಯಿಯನ್ನು ಜೊತೆಗೆ ಕರೆದೊಯ್ಯುವ ಕನ್ನಡಿಗರಿಗೆ ಮೈಕ್ರೊಚಿಪ್, ರಕ್ತದ ಪ್ರತಿಕಾಯ ಪರೀಕ್ಷೆ, ಕ್ವಾರಂಟೈನ್ ಎಂದು ಅಲ್ಲಿನ ಅಧಿಕಾರಿಗಳು ಕಾಡುವುದರ ಮೂಲ ಇಲ್ಲಿದೆ. ಕ್ಯಾಮೆರಾದ ಮುಂದೆ ಮಾಲೀಕರೇ ಚುಚ್ಚಿದ್ದನ್ನು ನೋಡಿ ವೈದ್ಯರು ಪ್ರಮಾಣಪತ್ರ ಕೊಡುವ ಪದ್ಧತಿಯನ್ನು ನಾನಂತೂ ಒಪ್ಪಲಾರೆ. ಶೀಶೆಯಲ್ಲಿ ಏನಿತ್ತು, ಎಲ್ಲಿತ್ತು, ಸೂಜಿ ಚರ್ಮದೊಳಗೆ ಹೋಯಿತೋ ಬರೀ ರೋಮ ತೋಯಿಸಿತೋ, ಕ್ಯಾಮೆರಾಕ್ಕೆ ತಿಳಿಯುವುದಿಲ್ಲ.

ನೆರೆಯ ಗೋವಾದಲ್ಲಿ ಫೋನು ಬೇರೆ ರೀತಿಯಲ್ಲಿ ದುಡಿಯಿತು. 2013ರಲ್ಲಿ ಅಲ್ಲಿ ಶುರುವಾದ ಮಿಷನ್ ರೇಬೀಸ್ ತಂಡಗಳು ಬಲೆ ಹಿಡಿದು ಬೀದಿಬೀದಿ ಸುತ್ತಿ, ಲಸಿಕೆ ಹಾಕಿದ ಪ್ರತಿ ನಾಯಿಯನ್ನೂ ಜಾಗದ ಗುರುತು ಸಮೇತ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಿದವು. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ರಕ್ಷಣೆ ಸಿಕ್ಕರೆ ರೋಗದ ಸರಪಳಿ ಕಡಿಯುತ್ತದೆ ಎಂಬ ಲೆಕ್ಕವನ್ನು ಯಾವ ವಾರ್ಡು ಮುಟ್ಟಿಲ್ಲ ಎಂದು ಆ ಆ್ಯಪ್ ತೋರಿಸಿಕೊಟ್ಟಿತು. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಣೆಯಾಯಿತು. ಕರ್ನಾಟಕ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿಗೆ ಸೇರಿಸಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪರೀಕ್ಷಾಲಯ, ನಿಮ್ಹಾನ್ಸ್‌ನಲ್ಲಿ ಪರಿಣತಿ, ಎರಡೂ ಇವೆ. ಲಸಿಕೆ ಹಾಕಿದ ಕೈ, ಹೊಣೆ ಹೊತ್ತ ವೈದ್ಯ, ಶೀಶೆಯ ಬ್ಯಾಚ್ ಸಂಖ್ಯೆ, ನಾಯಿಯ ಚಿಪ್ ಸಂಖ್ಯೆ, ಇವು ಒಂದೇ ದಾಖಲೆಯಲ್ಲಿ ಸೇರುವ ನಿಯಮವೊಂದು ಬಂದರೆ ದೂರದ ಉಸ್ತುವಾರಿಗೆ ನಾನು ತಕರಾರು ತೆಗೆಯುವುದಿಲ್ಲ.

ದೂರದ ವೈದ್ಯರಿಗೆ ನಾಳೆಯೇ ಒಪ್ಪಿಸಬಹುದಾದ ಕೆಲಸವೊಂದಿದೆ. ಸಾಕಿದ ನಾಯಿ ಯಾರನ್ನಾದರೂ ಕಚ್ಚಿದರೆ, ಅದಕ್ಕೆ ಲಸಿಕೆಯಾಗಿರಲಿ ಬಿಡಲಿ, ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಬೇಕು. ಜೊತೆಗೆ ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ಗಮನಿಸಬೇಕು. ಕಚ್ಚುವಾಗ ಜೊಲ್ಲಿನಲ್ಲಿ ವೈರಸ್ ಇದ್ದ ನಾಯಿ ಅಷ್ಟರೊಳಗೆ ಕಾಯಿಲೆ ಬೀಳುತ್ತದೆ ಅಥವಾ ಸಾಯುತ್ತದೆ. ಈ ಹತ್ತು ದಿನ ದಿನವೂ ಪಶುವೈದ್ಯರು ಬಂದು ನೋಡುವುದು ಆಗದ ಮಾತು, ಮನೆಯವರ ‘ಚೆನ್ನಾಗಿದೆ ಸಾರ್’ ಎಂಬ ಹೇಳಿಕೆ ಸಾಲದು. ನಾಯಿ ನೀರು ಕುಡಿಯುವ, ನಡೆಯುವ, ಹೆಸರು ಕರೆದರೆ ತಿರುಗುವ ಒಂದು ನಿಮಿಷದ ವಿಡಿಯೊ ದಿನಕ್ಕೊಂದರಂತೆ ವೈದ್ಯರಿಗೆ ಹೋದರೆ, ಹನ್ನೊಂದನೆಯ ದಿನ ಕಚ್ಚಿಸಿಕೊಂಡವರ ಡಾಕ್ಟರಿಗೆ ಅವರು ಸಹಿ ಹಾಕಿ ಒಂದು ಚೀಟಿ ಕಳಿಸಬಹುದು.