ಗಂಗಾವತಿಯ ಅಕ್ಕಿ, ಅಣುವಿನ ಪದರ

ಗಂಗಾವತಿಯ ಗಿರಣಿಯಲ್ಲಿ ಚೀಲ ಕಟ್ಟಿಟ್ಟ ಅಕ್ಕಿ ಹಳತಾದಂತೆ, ಕಾಳಿಗಂಟಿದ ತವುಡಿನ ಜಿಡ್ಡು ಆಮ್ಲಜನಕದೊಡನೆ ಕೂಡಿ ಹೆಕ್ಸನಾಲ್ ಎಂಬ ಸಾವಯವ ಬಾಷ್ಪವನ್ನು ಹೊರಸೂಸುವುದು. ಕಮಟು ವಾಸನೆಯಲ್ಲಿ ಇದರ ಪಾಲು ದೊಡ್ಡದು. ಇಂಥ ಬಾಷ್ಪಗಳನ್ನು ಹಿಡಿಯಬಲ್ಲ ಅಣುಪದರದ ರಚನಾಕ್ರಮವನ್ನು 1930ರ ದಶಕದಲ್ಲಿ ಇರ್ವಿಂಗ್ ಲ್ಯಾಂಗ್ಮ್ಯೂರ್, ಕ್ಯಾಥರೀನ್ ಬ್ಲಾಜೆಟ್ ಅವರು ತೋರಿಸಿಕೊಟ್ಟರು: ನಿಶ್ಚಲ ಜಲದ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದ ಸ್ಟಿಯರಿಕ್ ಆಮ್ಲವನ್ನು ಪಕ್ಕದಿಂದ ಒತ್ತರಿಸಿ, ಫಲಕವೊಂದನ್ನು ಮೆಲ್ಲನೆ ಅದ್ದಿ ಎತ್ತಲು, ಸುಮಾರು 2.5 ನ್ಯಾನೋಮೀಟರ್ ದಪ್ಪದ ಪದರ ಅದಕ್ಕಂಟಿ ಬರುವುದು. ಎಂಥ ಸುಂದರ ಕೌಶಲ! ಕಂಪಿಸುವ ಕ್ವಾರ್ಟ್ಜ್ ಬಿಲ್ಲೆಗೆ ಅಂಥ ಪದರಗಳನ್ನು ಹೊದಿಸಿದರೆ, ಒಳಹೊಕ್ಕ ಬಾಷ್ಪದ ಕಿಂಚಿತ್ ಭಾರಕ್ಕೂ ಕಂಪನಸಂಖ್ಯೆ ಇಳಿಯುವುದು; ಶುದ್ಧ ಗಾಳಿ ಹಾಯಿಸಲು ಬಹುಮಟ್ಟಿಗೆ ಮೊದಲಿನಂತಾಗುವುದು. ಆದರೆ ಭತ್ತ ಬೇಯಿಸುವ ಗಿರಣಿಯ ಹಬೆಯಲ್ಲಿ ನೀರಿನ ಅಣುಗಳೂ ನುಗ್ಗುವುದರಿಂದ, ಭಿನ್ನ ಪದರಗಳ ಉತ್ತರಗಳನ್ನು ಕೂಡಿಸಿಯೇ ಓದತಕ್ಕದ್ದು.