ಖಾಲಿ ಸೈಟಿನ ಕಾಡು

ಎರಡು ದಿನ ಜೋರು ಮಳೆ ಸುರಿದು ಬಿಟ್ಟಿತ್ತು. ಹಲಸೂರು ಕೆರೆಯ ಆಸುಪಾಸಿನ ಹುಲ್ಲಿನಿಂದ ಒಂದು ಅಣಬೆ ಕಿತ್ತು ತಂದೆ. ಅದರ ತಲೆಯನ್ನು ಮುರಿದು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ, ಮೇಲೊಂದು ಸ್ಟೀಲ್ ಬೋಗುಣಿ ಮುಚ್ಚಿ ಮಲಗಿದೆ. ಬೆಳಿಗ್ಗೆ ಎತ್ತಿ ನೋಡಿದರೆ ಹಾಳೆಯ ಮೇಲೆ ಗಾಡಿಚಕ್ರದ ಅರಗಳ ಹಾಗೆ ಗೆರೆಗೆರೆಯಾಗಿ ಪುಡಿ ಉದುರಿತ್ತು. ಬಣ್ಣ ಬೂದಿ ಬೆರೆಸಿದ ಹಸಿರು, ಹಳೆಯದಾದ ಕರಿಬೇವಿನ ಪುಡಿಯಂತೆ.

ಹುಲ್ಲಿನಲ್ಲಿ ನಿಂತಿದ್ದಾಗ ಅದು ಎಷ್ಟು ಸಾಧುವಾಗಿತ್ತು! ಅಂಗೈಯಗಲದ ಬಿಳಿ ಕೊಡೆ, ನಡುವೆ ಕಂದು ಹಕ್ಕಳೆ, ಕಾಲಿಗೊಂದು ಬಳೆ. ಸಾರಿಗೆ ಹಾಕಿದರೆ ಚೆನ್ನಾಗಿರುತ್ತದೆ ಅನ್ನಿಸುವಂಥ ರೂಪ. ಹಸಿರು ಪುಡಿ ಉದುರಿಸಿತೆಂದರೆ ಅದು ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರು. ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಆ ಬೋಗುಣಿ ನಮ್ಮ ಅಡುಗೆಮನೆಗೆ ಮತ್ತೆ ಹೋಗಲಿಲ್ಲ. ಈಗ ಬಾಲ್ಕನಿಯಲ್ಲಿ ಗುಬ್ಬಿಗೆ ನೀರಿಡಲು ಬಳಕೆಯಾಗುತ್ತಿದೆ. ಗುಬ್ಬಿ ಮಾತ್ರ ಬಂದಿಲ್ಲ.

ಹಿಂದಿನ ಸಂಜೆ ಫೋನಿನ ಆ್ಯಪ್ ಇದೇ ಅಣಬೆಗೆ ಮೂರು ಹೆಸರು ಕೊಟ್ಟಿತ್ತು. ಅದರ ತಪ್ಪೇನಿಲ್ಲ. ನಾನು ತೋರಿಸಿದ್ದು ತಲೆಯನ್ನು. ಅಣಬೆಯ ಜಾತಕ ಇರುವುದು ಅಡಿಯಲ್ಲಿ. ಕೊಡೆಯ ಕೆಳಗಿನ ಪದರಗಳು ಕಾಲಿಗೆ ಅಂಟಿವೆಯೋ ಬಿಟ್ಟಿವೆಯೋ, ಬಳೆ ಸರಿದಾಡುತ್ತದೆಯೋ, ಬುಡ ಗಡ್ಡೆಗಟ್ಟಿದೆಯೋ, ಇವನ್ನೆಲ್ಲ ಮಣ್ಣಿಗೆ ಮೊಣಕಾಲೂರಿಯೇ ನೋಡಬೇಕು. ಈ ಹಸಿರು ಪುಡಿಯ ಅಣಬೆಯಂತೂ ಎಳೆಯದಾಗಿದ್ದಾಗ ಅಡಿಯಲ್ಲೂ ಬಿಳಿಯೇ.

ನಮ್ಮ ಅಜ್ಜಿ ಜಗತ್ತಿನ ಅಣಬೆಗಳನ್ನೆಲ್ಲ ಎರಡೇ ಪಂಗಡ ಮಾಡಿದ್ದರು: ತಿನ್ನುವುದು ಅಣಬೆ, ತಿನ್ನದ್ದು ನಾಯಿಕೊಡೆ. ಈವರೆಗೆ ವಿಜ್ಞಾನ ಹೆಸರಿಟ್ಟಿರುವ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ, ಇರಬಹುದೆಂದು ಅಂದಾಜಿಸಿರುವುದು 22ರಿಂದ 38 ಲಕ್ಷ. ಅಜ್ಜಿಯ ಲೆಕ್ಕದಲ್ಲಿ ಇದರ ಬಹುಪಾಲು ನಾಯಿಕೊಡೆಯೇ. ಆಕೆ ನಂಬಿದ್ದು ಹುತ್ತದ ಅಣಬೆಯೊಂದನ್ನು. ಗೆದ್ದಲು ತನ್ನ ಗೂಡಿನೊಳಗೆ ಬೇಸಾಯ ಮಾಡುವ ಟರ್ಮಿಟೊಮೈಸಿಸ್ ಅದು. ಮೆಲ್ಲಗೆ ಕಿತ್ತರೆ ಕಾಲಿನ ಜೊತೆ ಉದ್ದನೆಯ ಬೇರಿನಂಥದ್ದು ಗೂಡಿನವರೆಗೂ ಇಳಿದಿರುತ್ತದೆ. ಹಾಳೆಯ ಮೇಲೆ ಉದುರುವ ಪುಡಿ ನಸುಗುಲಾಬಿ. ಇಷ್ಟು ಗೊತ್ತಿದ್ದೂ ನಾನು ಊರೊಳಗಿನ ಯಾವ ಅಣಬೆಯನ್ನೂ ತಿನ್ನುವುದಿಲ್ಲ. ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಬೆಳ್ಳಿ ಕಪ್ಪಾಗದಿದ್ದರೆ ಸರಿ ಅನ್ನುವ ಪರೀಕ್ಷೆಗಳೆಲ್ಲ ಸುಳ್ಳು. ಅವನ್ನು ನಂಬಿ ಸತ್ತವರಿದ್ದಾರೆ.

ತಿನ್ನುವ ಆಸೆ ಬಿಟ್ಟರೆ ಪೂರ್ವ ಬೆಂಗಳೂರು ಮಳೆಗಾಲದಲ್ಲಿ ಅಣಬೆಯ ಸಂತೆ. ಕಂಟೋನ್ಮೆಂಟಿನ ಹಳೆಯ ಗುಲ್‌ಮೊಹರ್ ಮರಗಳ ಬುಡದಲ್ಲಿ ಅರಗು ಬಳಿದಂತೆ ಹೊಳೆಯುವ ಗಾನೋಡರ್ಮ ಕಂಡರೆ ಒಳಗೆ ಕೊಳೆತ ಶುರುವಾಗಿದೆ ಎಂದರ್ಥ. ಗಾಳಿಮಳೆಯ ದಿನ ಅದರಡಿ ಕಾರು ನಿಲ್ಲಿಸದಿರುವುದು ಒಳ್ಳೆಯದು. ಕಡಿದು ಫುಟ್‌ಪಾತಿನಲ್ಲಿ ಮರೆತ ಕೊಂಬೆಗಳ ಮೇಲೆ ಉಗುರಿನಷ್ಟಗಲದ, ಬೂದುಬಿಳಿ ಬೀಸಣಿಗೆಯಂಥ ಸ್ಕೈಜೋಫಿಲಮ್. ಬಿಸಿಲಿಗೆ ಮುರುಟಿಕೊಂಡು, ಒಂದು ಮಳೆಗೆ ಮತ್ತೆ ಅರಳುತ್ತದೆ.

ಹೂವಿನ ಕತೆ ಬೇರೆ. ಅದಕ್ಕೆ ಇಂದಿರಾನಗರದಲ್ಲಿ ಅಳಿದುಳಿದ, ಕೆ.ಆರ್. ಪುರದ ಕಡೆ ಇನ್ನೂ ಧಾರಾಳವಾಗಿರುವ ಖಾಲಿ ಸೈಟುಗಳಿಗೇ ಹೋಗಬೇಕು. ಪಾರ್ಕಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಯಾವ ಕಾಡುಹೂವನ್ನೂ ಉಳಿಸುವುದಿಲ್ಲ. ಸೈಟಿನಲ್ಲಾದರೆ ತುಂಬೆ, ಉತ್ತರಾಣಿ, ಎಕ್ಕ, ನೆಗ್ಗಿಲು, ಕನ್ನೆ ಸೊಪ್ಪಿನ ನೀಲಿ ಹೂ. ತುಂಬೆಯ ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ, ನಾಲ್ಕು ಮೂಲೆ ಕೈಗೆ ಹತ್ತುತ್ತವೆ. ತುಳಸಿಯದೂ ಹಾಗೇ, ಎರಡೂ ಒಂದೇ ಮನೆತನ. ಆದರೆ ‘ಕಾಡುಹೂ’ ಎಂದು ನಾವು ಕರೆಯುವ ಎಷ್ಟೋ ಗಿಡಗಳು ಸಮುದ್ರ ದಾಟಿ ಬಂದವು. ಲಂಟಾನ, ನಾಚಿಕೆಮುಳ್ಳು, ಹಳದಿ ಗುಂಡಿಯಂಥ ಟ್ರೈಡ್ಯಾಕ್ಸ್ ಎಲ್ಲವೂ ಅಮೆರಿಕ ಖಂಡದವು. ಕಾಂಗ್ರೆಸ್ ಗಿಡವೆಂದು ಹೆಸರಾದ ಪಾರ್ಥೇನಿಯಂ ಕೂಡ. ಅದನ್ನು ತಿನ್ನಿಸಲೆಂದು ಮೆಕ್ಸಿಕೊದಿಂದ ತಂದ ಪಟ್ಟೆ ಜೀರುಂಡೆಯನ್ನು 1984ರಲ್ಲಿ ಬಿಟ್ಟಿದ್ದು ಇದೇ ಬೆಂಗಳೂರಿನಲ್ಲಿ. ಮಳೆ ಬಿದ್ದ ಮೇಲೆ ಎಲೆ ಮಗುಚಿದರೆ ಅದರ ಸಂತಾನ ಸಿಗುತ್ತದೆ.

ಹೆಸರು ಹುಡುಕುವವರಿಗೆ ರಾಮಸ್ವಾಮಿ ಮತ್ತು ರಜಿಯವರು ಬರೆದ, 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಬೆಂಗಳೂರು ಜಿಲ್ಲೆಯ ಸಸ್ಯಗ್ರಂಥವಿದೆ. ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ ಅವರ ಕರ್ನಾಟಕ ಸಸ್ಯಸಂಪುಟಗಳಿವೆ, ಮೊದಲನೆಯದು 1984ರದು. ಆದರೆ ಇಂಥ ಪುಸ್ತಕಗಳ ಪ್ರಶ್ನೆಗಳು ಬಹುತೇಕ ಹೂವಿನ ಸುತ್ತಲೇ: ಎಸಳೆಷ್ಟು, ಕೇಸರವೆಷ್ಟು, ಅಂಡಾಶಯ ಮೇಲಿದೆಯೋ ಕೆಳಗೋ. ಹೂವಿಲ್ಲದ ಗಿಡ ಹಿಡಿದು ಹೋದರೆ ಅವು ಬಾಯೇ ಬಿಡುವುದಿಲ್ಲ.

ಇದಕ್ಕೆ ತದ್ವಿರುದ್ಧ ವಿದ್ಯೆಯೊಂದಿದೆ ಎಂದು ನನಗೆ ಗೊತ್ತಾಗಿದ್ದು ಕೆ.ಆರ್. ಪುರದ ಆಚೆ, ಸೈಟೊಂದರಲ್ಲಿ ಬೆರಕೆ ಸೊಪ್ಪು ಕೀಳುತ್ತಿದ್ದ ಅಜ್ಜಿಯೊಬ್ಬರಿಂದ. ಮಡಿಲಲ್ಲಿ ಗಣಿಕೆ, ಗೋಣಿ, ಹೊನಗೊನೆ, ಅಣ್ಣೆ. ಯಾವುದರಲ್ಲೂ ಹೂ ಕಾಣಲಿಲ್ಲ. ಎರಡೆಲೆ ಮೂಡಿದ್ದರೂ ಅವರ ಕೈ ತಪ್ಪದೆ ಹೋಗುತ್ತಿತ್ತು. ಪಕ್ಕದಲ್ಲೇ ಇದ್ದ ಉಮ್ಮತ್ತಿಯ ಮರಿಯನ್ನು ಬೆರಳು ಸೋಕದೆ ದಾಟುತ್ತಿತ್ತು. ಮೊಣಕಾಲೆತ್ತರಕ್ಕೆ ಬೆಳೆದು ಗುಲಾಬಿ-ಬಿಳಿ ತೆನೆ ಎತ್ತಿ ನಿಂತಿದ್ದ ಗಿಡವೊಂದನ್ನು ತೋರಿಸಿ, “ಇದ್ಯಾವುದಜ್ಜಿ?” ಅಂದೆ.

“ಅದೇ ಅಣ್ಣೆ ಸೊಪ್ಪು ಕಣಪ್ಪ. ಹೂ ಬಂದ್ಮೇಲೆ ಏನೈತೆ ಅದ್ರಲ್ಲಿ, ಬರೀ ನಾರು.”

ಫೋನು ತೋರಿಸಿದೆ. ಈ ಸಲ ಆ್ಯಪ್ ಒಂದೇ ಹೆಸರು ಹೇಳಿತ್ತು: ಸೆಲೋಸಿಯ ಅರ್ಜೆಂಟಿಯ. ಸರಿಯಾಗೇ ಹೇಳಿತ್ತು. ಅಜ್ಜಿ ಪರದೆಯನ್ನೂ ಗಿಡವನ್ನೂ ಒಮ್ಮೆ ನೋಡಿ, “ಇದು ಸಾರು ಮಾಡೋದು ಹೇಳ್ತದಾ?” ಅಂದರು. ಇಲ್ಲ ಅಂದೆ. ಬೇಳೆ ಜೊತೆ ಬೇಯಿಸಿ ಬಸಿಯೋದನ್ನು ಅವರೇ ಹೇಳಿದರು, ಬೆಳ್ಳುಳ್ಳಿಯ ಲೆಕ್ಕ ಸಮೇತ.

ಹಾಗೆ ಹೇಳುತ್ತಲೇ ಮಡಿಲೊಳಗೆ ಕೈಯಾಡಿಸಿ, ತಪ್ಪಿ ಬಂದಿದ್ದ ಒಂದೆರಡು ಬಲಿತ ಕುಡಿಗಳನ್ನು ಆರಿಸಿ ಪಕ್ಕಕ್ಕೆಸೆದರು. ಒಂದರ ತುದಿಯಲ್ಲಿ ಗಣಿಕೆಯ ಬಿಳಿ ಹೂಗೊಂಚಲು, ಕಡುಗಪ್ಪಾಗುತ್ತಿದ್ದ ಕಾಯಿ. ಅವರು ಎಸೆದದ್ದನ್ನು ಹೆಕ್ಕಿ ನಾನು ಭಾನುವಾರದ ಪುರವಣಿಯ ಮಡಿಕೆಯೊಳಗೆ ಒಂದೊಂದಾಗಿ ಹರಡತೊಡಗಿದೆ. “ದನ ಐತಾ ಮನೇಲಿ?” ಎಂದು ಕೇಳಿದರು ಅಜ್ಜಿ.