ವಾಹನ ತಪಾಸಣೆ: ಮಾಲೀಕರೇ ಗಮನಿಸಬೇಕಾದ ಅಂಶಗಳು

ಸರಕು ತುಂಬಿದ ವಾಹನವು ಮಾರ್ಗಮಧ್ಯದಲ್ಲಿ ಕೆಟ್ಟು ನಿಂತರೆ, ದುರಸ್ತಿಯ ವೆಚ್ಚಕ್ಕಿಂತಲೂ ವಿಳಂಬದ ನಷ್ಟವು ಅನೇಕ ವೇಳೆ ಅಧಿಕವಾಗಿರುತ್ತದೆ. ವಾರಕ್ಕೊಮ್ಮೆ ಮುಂಜಾನೆ, ಎಂಜಿನ್ ಚಾಲನೆಗೊಳಿಸುವ ಮುನ್ನ, ಹತ್ತು ನಿಮಿಷಗಳನ್ನು ತಪಾಸಣೆಗೆ ಮೀಸಲಿಟ್ಟರೆ ಇಂತಹ ಹಲವು ಅಡಚಣೆಗಳನ್ನು ತಪ್ಪಿಸಬಹುದು. ಕಾರಿಗೂ ಸಣ್ಣ ಸರಕು ವಾಹನಕ್ಕೂ ಈ ಕ್ರಮವು ಅನ್ವಯಿಸುತ್ತದೆ.

ಎಂಜಿನ್ ಆಯಿಲ್: ವಾಹನವು ಸಮತಟ್ಟಾದ ಸ್ಥಳದಲ್ಲಿರಬೇಕು. ಡಿಪ್‌ಸ್ಟಿಕ್ ಹೊರತೆಗೆದು, ಒರೆಸಿ, ಪುನಃ ಪೂರ್ತಿ ಇಳಿಸಿ ನೋಡಬೇಕು. ಮಟ್ಟವು ಎರಡು ಗುರುತುಗಳ ನಡುವೆ ಇರತಕ್ಕದ್ದು; ಮೇಲಿನ ಗುರುತನ್ನು ಮೀರಿ ತುಂಬುವುದೂ ಹಾನಿಕರ.

ಕೂಲೆಂಟ್: ಹೊರಗಿನ ಡಬ್ಬಿಯ ಗುರುತಿನಿಂದಲೇ ಮಟ್ಟವನ್ನು ಅರಿಯಬಹುದು. ಎಂಜಿನ್ ಬಿಸಿಯಾಗಿರುವಾಗ ರೇಡಿಯೇಟರ್ ಮುಚ್ಚಳವನ್ನು ತೆರೆಯಲೇಬಾರದು. ಒತ್ತಡದಲ್ಲಿರುವ ಬಿಸಿ ದ್ರವವು ಚಿಮ್ಮಿ ತೀವ್ರ ಸುಟ್ಟಗಾಯವಾಗಬಹುದು.

ಟೈರು: ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಗಾಳಿ ಕಡಿಮೆಯಾದರೆ ಅಂಚುಗಳೂ, ಹೆಚ್ಚಾದರೆ ನಡುಭಾಗವೂ ಬೇಗ ಸವೆಯುತ್ತವೆ. ಗಾಡಿಗಳ ಆಳವು 1.6 ಮಿಲಿಮೀಟರಿಗೆ ಇಳಿಯುವ ಮೊದಲೇ ಟೈರನ್ನು ಬದಲಿಸುವುದು ಲೇಸು.

ಬ್ರೇಕ್ ಆಯಿಲ್: ಇದರ ಮಟ್ಟ ಇಳಿದಿದ್ದರೆ ಪ್ಯಾಡುಗಳು ಸವೆದಿರಬಹುದು ಅಥವಾ ಎಲ್ಲಿಯೋ ಸೋರಿಕೆಯಿರಬಹುದು. ಆಯಿಲ್ ತುಂಬಿ ಸುಮ್ಮನಾದರೆ ದೋಷವು ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಹೊರೆ ಹೊತ್ತು ಶಿರಾಡಿ ಘಾಟಿಯನ್ನು ಇಳಿಯುವ ವಾಹನಕ್ಕೆ ಇದು ಪ್ರಾಣದ ಪ್ರಶ್ನೆ.

ಪ್ರತಿ ತಪಾಸಣೆಯ ದಿನಾಂಕ, ಕಿಲೋಮೀಟರ್ ಹಾಗೂ ತುಂಬಿದ ಪ್ರಮಾಣವನ್ನು ಪುಸ್ತಕದಲ್ಲಿ ಬರೆದಿಡಬೇಕು. ಪದೇ ಪದೇ ತುಂಬಬೇಕಾಗಿ ಬಂದಲ್ಲಿ ವಾಹನವನ್ನು ವಿಳಂಬವಿಲ್ಲದೆ ಮೆಕ್ಯಾನಿಕ್‌ಗೆ ತೋರಿಸುವುದು ಅಗತ್ಯ. ದಾಸ್ತಾನಿನ ಕೊರತೆಯನ್ನು ಲೆಕ್ಕದ ಪುಸ್ತಕವು ತಿಳಿಸುವಂತೆ, ವಾಹನದ ಒಳದೋಷವನ್ನು ಈ ಪುಸ್ತಕವು ಮುಂಚಿತವಾಗಿ ತಿಳಿಸುತ್ತದೆ.